ಒಂದೇ ಬಾಟಲಿಗೆ ಎಂಟೂ ಕೊಟ್ಟೆ, ನಾಲ್ಕೂ ಕೊಟ್ಟೆ: ಮನೆಯ ಬರ್ಬನ್ ಬ್ಲೈಂಡ್ ಟೇಸ್ಟಿಂಗ್ ರಿಪೇರಿ ಮಾಡಿದ ಬಗೆ

ಯಾವ ಗ್ಲಾಸಿನಲ್ಲಿ ಯಾವ ಬರ್ಬನ್ (ಮುಖ್ಯವಾಗಿ ಮೆಕ್ಕೆಜೋಳದಿಂದ ಮಾಡುವ ಅಮೆರಿಕದ ವಿಸ್ಕಿ) ಎಂದು ತಿಳಿಯದೆ ನಾನು ಅಂಕ ಕೊಟ್ಟು ಮುಗಿಸಿದ್ದೆ. ಹೆಂಡತಿ ಮಡಚಿಟ್ಟಿದ್ದ ಚೀಟಿ ಬಿಡಿಸಿ ಓದತೊಡಗಿದಳು. ಎರಡನೇ ಗ್ಲಾಸು, ಇವಾನ್ ವಿಲಿಯಮ್ಸ್ ಬ್ಲ್ಯಾಕ್. ಅದಕ್ಕೆ ನಾನು ಹತ್ತಕ್ಕೆ ಎಂಟು ಕೊಟ್ಟಿದ್ದೆ. ‘ಜೋನಿಬೆಲ್ಲ, ವೆನಿಲ್ಲಾ, ಕೊನೆಗೆ ಹದವಾದ ಒಗರು’ ಅಂತ ಬರೆದೂ ಇದ್ದೆ. ಮೂರು, ನಾಲ್ಕು ಓದಿದಳು. ಐದನೇ ಗ್ಲಾಸು, ಮತ್ತೆ ಇವಾನ್ ವಿಲಿಯಮ್ಸ್ ಬ್ಲ್ಯಾಕ್. ಅದೇ ಬಾಟಲಿ, ಅದೇ ಹೊತ್ತಿನಲ್ಲಿ ಸುರಿದದ್ದು. ಅದಕ್ಕೆ ನಾನು ಕೊಟ್ಟಿದ್ದು ನಾಲ್ಕು. ಪಕ್ಕದಲ್ಲಿ ನನ್ನದೇ ಕೈಬರಹ: ‘ನೀರು ನೀರು. ಮೂಗಿಗೆ ಪೇಂಟ್ ಡಬ್ಬಿ.’

“ಜಿಮ್ ಬೀಮ್ ಎಲ್ಲಿ ಹಾಗಾದ್ರೆ?” ಅಂದೆ.

“ಅದನ್ನ ಇವತ್ತು ಇಟ್ಟಿಲ್ಲ. ಆ ಜಾಗಕ್ಕೆ ಇದನ್ನೇ ಇನ್ನೊಂದು ಸಲ ಇಟ್ಟೆ. ಡೂಪ್ಲಿಕೇಟ್ ಇಲ್ಲದ ಪರೀಕ್ಷೇನ ನಮ್ಮ ಲ್ಯಾಬಲ್ಲಿ ಯಾರೂ ನಂಬಲ್ಲ ರೀ.”

ಅವಳು ವಿಸ್ಕಿ ಮುಟ್ಟುವವಳಲ್ಲ. ಲ್ಯಾಬ್ ಟೆಕ್ನಾಲಜಿಸ್ಟ್, ದಿನವೆಲ್ಲ ಸ್ಯಾಂಪಲ್‌ಗಳ ನಡುವೆಯೇ ಇರುವವಳು. ಸುರಿಯುವ ಕೆಲಸ ಮಾತ್ರ ಅವಳಿಗೆ ಒಪ್ಪಿಸಿದ್ದೆ. ಅವಳು ಹೇಳದೆ ಮಾಡಿದ ಆ ಒಂದು ಬದಲಾವಣೆ ನನ್ನ ಇಡೀ ಸಂಜೆಯ ಅಂಕಪಟ್ಟಿಯನ್ನು ಕಸದ ಬುಟ್ಟಿಗೆ ಹಾಕಿತು. ಒಂದೇ ದ್ರವಕ್ಕೆ ನಾಲ್ಕು ಅಂಕದಷ್ಟು ಅಂತರ ಬರುತ್ತದೆ ಎಂದಾದರೆ, ಬೇರೆ ಬೇರೆ ಬಾಟಲಿಗಳ ನಡುವೆ ನಾನು ಕಂಡ ಎರಡು ಮೂರು ಅಂಕಗಳಿಗೆ ಏನು ಬೆಲೆ? ಪರೀಕ್ಷೆಯೇ ಕೆಟ್ಟಿದೆ ಎಂದಾಯಿತು. ಅದನ್ನು ಬಿಚ್ಚಿ, ದೋಷ ಹುಡುಕಿ, ಮತ್ತೆ ಜೋಡಿಸಲು ಒಂದು ತಿಂಗಳಿನಷ್ಟು ಶನಿವಾರ ಭಾನುವಾರಗಳು ಹೋದವು.

ಆರು ಬಾಟಲಿ

ನಾವಿರುವುದು ಕೆಂಟಕಿಯ ಲೂಯಿವಿಲ್‌ನಲ್ಲಿ. ಇಲ್ಲಿ ಬರ್ಬನ್ ವಿಷಯಕ್ಕೆ ಬಂದರೆ ಪ್ರತಿಯೊಬ್ಬರಿಗೂ ಒಂದೊಂದು ಪಕ್ಷ. ಪಕ್ಕದ ಮನೆಯ ಹಿರಿಯರು ನಲವತ್ತು ವರ್ಷದಿಂದ ವೈಲ್ಡ್ ಟರ್ಕಿ ಬಿಟ್ಟು ಬೇರೆ ಕೊಂಡವರಲ್ಲ. ನನ್ನದು ಓಲ್ಡ್ ಗ್ರ್ಯಾಂಡ್-ಡ್ಯಾಡ್. ಭಾಮೈದ ಇಂಡಿಯಾನಾದಿಂದ ಬಂದಾಗೆಲ್ಲ “ಭಾವ, ಇದು ಗಂಟಲು ಸುಡುತ್ತೆ” ಅಂತ ಫೋರ್ ರೋಸಸ್ ತರುತ್ತಾನೆ. ಈ ಮೂರು ಪಕ್ಷಗಳನ್ನು ಒಂದೇ ಮೇಜಿನ ಮೇಲೆ, ಹೆಸರು ಮುಚ್ಚಿ, ನ್ಯಾಯವಾಗಿ ತೂಗಬೇಕು ಎಂಬ ಆಸೆಯಿಂದ ಶುರುವಾದದ್ದು ಇದು.

ಷರತ್ತು ಒಂದೇ: 750 ಮಿಲಿ ಬಾಟಲಿ 30 ಡಾಲರ್ ದಾಟಬಾರದು, ಯಾವ ದಿನ ಹೋದರೂ ಅಂಗಡಿಯಲ್ಲಿ ಸಿಗಬೇಕು. ಸಾಲಿನಲ್ಲಿ ನಿಂತು, ಲಾಟರಿ ಹಾಕಿ ಪಡೆಯುವ ಬಾಟಲಿಗಳು ಬೇಡ. ಹೀಗೆ ಬಂದ ಆರು: ಜಿಮ್ ಬೀಮ್ ವೈಟ್ (ಆಲ್ಕೊಹಾಲ್ 40%), ಫೋರ್ ರೋಸಸ್ (40%), ಇವಾನ್ ವಿಲಿಯಮ್ಸ್ ಬ್ಲ್ಯಾಕ್ (43%), ಮೇಕರ್ಸ್ ಮಾರ್ಕ್ (45%), ಓಲ್ಡ್ ಗ್ರ್ಯಾಂಡ್-ಡ್ಯಾಡ್ ಬಾಂಡೆಡ್ (50%), ವೈಲ್ಡ್ ಟರ್ಕಿ 101 (50.5%). ಅಮೆರಿಕದಲ್ಲಿ ಮದ್ಯದ ಶಕ್ತಿ ಹೇಳುವ ಪ್ರೂಫ್ ಎಂದರೆ ಈ ಶೇಕಡಾವಾರಿನ ಎರಡರಷ್ಟು, ಹಾಗಾಗಿ ಆ 101. ಆರೂ ಸೇರಿ 140 ಡಾಲರ್ ಹತ್ತಿರ ಆಯಿತು.

ಅಗ್ಗದ್ದು ಎಂದರೆ ಕಲಬೆರಕೆ ಎಂದು ಯಾರೂ ತಿಳಿಯಬಾರದು. ಆರರ ಲೇಬಲ್ ಮೇಲೂ ‘ಕೆಂಟಕಿ ಸ್ಟ್ರೇಟ್ ಬರ್ಬನ್’ ಎಂದೇ ಇದೆ, ಆ ಮಾತಿನ ಹಿಂದೆ ಗಟ್ಟಿ ಕಾನೂನಿದೆ. ಧಾನ್ಯದಲ್ಲಿ ಕನಿಷ್ಠ 51% ಮೆಕ್ಕೆಜೋಳ ಇರಬೇಕು. ಬಟ್ಟಿ ಇಳಿಸುವಾಗ 80% ದಾಟುವಂತಿಲ್ಲ, ಪೀಪಾಯಿಗೆ ತುಂಬುವಾಗ 62.5% ಮೀರುವಂತಿಲ್ಲ. ಪೀಪಾಯಿ ಹೊಸ ಓಕ್ ಮರದ್ದೇ ಆಗಿರಬೇಕು, ಒಳಮೈ ಸುಟ್ಟಿರಬೇಕು. ಸ್ಟ್ರೇಟ್ ಎನ್ನಬೇಕಾದರೆ ಎರಡು ವರ್ಷವಾದರೂ ಅದರಲ್ಲಿ ಕೂರಬೇಕು, ಬಣ್ಣ ಬೆರೆಸುವಂತಿಲ್ಲ, ಪರಿಮಳ ಸೇರಿಸುವಂತಿಲ್ಲ. ನೂರು ಡಾಲರಿನ ಬಾಟಲಿಗೂ ಇದೇ ಕಾನೂನು. ಓಲ್ಡ್ ಗ್ರ್ಯಾಂಡ್-ಡ್ಯಾಡ್ ಮೇಲಿರುವ ‘ಬಾಂಡೆಡ್’ ಇನ್ನೂ ಬಿಗಿ. ಅದು 1897ರ ಕಾಯ್ದೆ. ಒಂದೇ ಡಿಸ್ಟಿಲರಿ, ಒಂದೇ ಹಂಗಾಮಿನ ಬಟ್ಟಿ, ಸರ್ಕಾರದ ನಿಗಾ ಇರುವ ಉಗ್ರಾಣದಲ್ಲಿ ಕನಿಷ್ಠ ನಾಲ್ಕು ವರ್ಷ, ಬಾಟಲಿಯಲ್ಲಿ ಸರಿಯಾಗಿ 50%. ಬಣ್ಣ ಬೆರೆಸಿದ ನಕಲಿ ವಿಸ್ಕಿಯ ಕಾಲದಲ್ಲಿ ಕುಡಿಯುವವರಿಗೆ ಸಿಕ್ಕ ಮೊದಲ ಭರವಸೆ ಅದು. ಆ ಬಾಟಲಿ ಕೈಗೆತ್ತಿಕೊಂಡಾಗಲೆಲ್ಲ ನನಗೆ ಅದರ ಮೇಲೆ ಗೌರವ ಮೂಡುತ್ತದೆ, ಅಂಕ ಎಷ್ಟೇ ಬರಲಿ.

ನೀರಿನ ಪರೀಕ್ಷೆ

ದೋಷ ಎಲ್ಲೆಲ್ಲಿ ಇರಬಹುದೆಂದು ಕೂತು ಬರೆದೆ. ಬಾಟಲಿ ಒಂದೇ, ಹಾಗಾಗಿ ಗಾಳಿಯಾಡಿ ಹಳಸಿದ್ದು, ಬಿಸಿಲು ತಾಗಿದ್ದು ಇವೆಲ್ಲ ಮೊದಲೇ ಬಿದ್ದುಹೋದವು. ಉಳಿದದ್ದು ಮೂರು: ಗ್ಲಾಸು, ಕುಡಿದ ಸರದಿ, ನನ್ನ ಮನಸ್ಸು. ‘ಪೇಂಟ್ ಡಬ್ಬಿ’ ಎಂಬ ನನ್ನದೇ ಟಿಪ್ಪಣಿ ಬೆರಳು ತೋರಿಸುತ್ತಿದ್ದದ್ದು ಗ್ಲಾಸಿನ ಕಡೆ.

ಈ ಪರೀಕ್ಷೆಗೆಂದೇ ಪೈನ್ ಹಲಗೆಯಲ್ಲಿ ಆರು ಗುಳಿ ಕೊರೆದು ಒಂದು ಸ್ಟ್ಯಾಂಡ್ ಮಾಡಿದ್ದೆ. ನೋಡಲು ಚೆನ್ನಾಗಿರಲಿ ಎಂದು ಪಾಲಿಯುರೆಥೇನ್ ವಾರ್ನಿಶ್ ಎರಡು ಕೋಟು ಹೊಡೆದಿದ್ದೆ. ನಾಲ್ಕು ದಿನ ಕಳೆದಿತ್ತು, ಕೈಗೆ ಅಂಟುತ್ತಿರಲಿಲ್ಲ, ಒಣಗಿದೆ ಎಂದುಕೊಂಡೆ. ಧೂಳು ಕೂರದಿರಲಿ ಎಂದು ಹಿಂದಿನ ರಾತ್ರಿ ನಾಲ್ಕು ಗ್ಲಾಸುಗಳನ್ನು ಅದರ ಮೇಲೆ ಬೋರಲು ಹಾಕಿದ್ದೆ. ಇನ್ನೆರಡು ಸಂಜೆ ತೊಳೆದು ಒರೆಸಿದವು. ಇವಾನ್ ವಿಲಿಯಮ್ಸ್ ಎಂಟು ಪಡೆದದ್ದು ಆಗಷ್ಟೇ ತೊಳೆದ ಗ್ಲಾಸಿನಲ್ಲಿ. ನಾಲ್ಕು ಪಡೆದದ್ದು ಬೋರಲು ಬಿದ್ದಿದ್ದ ಗ್ಲಾಸಿನಲ್ಲಿ.

ಆದರೂ ಊಹೆಯನ್ನೇ ತೀರ್ಪು ಮಾಡಬಾರದಲ್ಲ. ಮತ್ತೆ ಅದೇ ರೀತಿ ನಾಲ್ಕು ಗ್ಲಾಸುಗಳನ್ನು ರಾತ್ರಿಯಿಡೀ ಸ್ಟ್ಯಾಂಡಿನ ಮೇಲೆ ಬೋರಲಿಟ್ಟೆ, ಎರಡನ್ನು ಬಾಯಿ ಮೇಲೆ ಮಾಡಿ ಬೇರೆ ಕೋಣೆಯಲ್ಲಿಟ್ಟೆ. ಬೆಳಿಗ್ಗೆ ಹೆಂಡತಿ ಆರಕ್ಕೂ 20 ಮಿಲಿಯಂತೆ ಡಿಸ್ಟಿಲ್ಡ್ ನೀರು ಹಾಕಿ, ಮೇಲೆ ಪುಟ್ಟ ತಟ್ಟೆ ಮುಚ್ಚಿ, ಜಾಗ ಅದಲು ಬದಲು ಮಾಡಿ ಹತ್ತು ನಿಮಿಷ ಬಿಟ್ಟಳು. ನಾನು ಬಂದು ತಟ್ಟೆ ಸರಿಸಿ ಒಂದೊಂದಾಗಿ ಮೂಗಿಟ್ಟೆ. ಮೊದಲನೆಯದರಲ್ಲಿ ಏನೂ ಇಲ್ಲ. ಎರಡನೆಯದರಲ್ಲಿ ಸಣ್ಣಗೆ, ಹೊಸ ಬಾಗಿಲಿನ ವಾಸನೆ. ಮೂರರಲ್ಲೂ ಅದೇ. ಬರೀ ನೀರು, ಆದರೂ ಮೂಗು ಹಿಂದೆ ಸರಿಯಿತು. ವಾಸನೆ ಇದೆ ಎಂದು ನಾನು ಗುರುತು ಹಾಕಿದ್ದು ನಾಲ್ಕಕ್ಕೆ, ಆ ನಾಲ್ಕೂ ಸ್ಟ್ಯಾಂಡಿನ ಮೇಲಿದ್ದವೇ.

ಎಣ್ಣೆ ಆಧಾರದ ವಾರ್ನಿಶ್ ಮೇಲ್ಮೈ ಒಣಗಿದ ಮೇಲೂ ವಾರಗಟ್ಟಲೆ ಒಳಗೊಳಗೇ ಗಟ್ಟಿಯಾಗುತ್ತಿರುತ್ತದೆ, ಆವಿ ಬಿಡುತ್ತಲೇ ಇರುತ್ತದೆ. ಟುಲಿಪ್ ಆಕಾರದ ಗ್ಲಾಸಿನ ಕೆಲಸವೇ ವಾಸನೆಯನ್ನು ಹಿಡಿದು ಮೂಗಿಗೆ ಕೊಡುವುದು. ಬೋರಲು ಹಾಕಿದರೆ ಅದು ಹಲಗೆಯ ವಾಸನೆಯನ್ನೂ ಅಷ್ಟೇ ನಿಷ್ಠೆಯಿಂದ ಹಿಡಿದಿಡುತ್ತದೆ. ಹೊಸ ಕಪಾಟು, ರಟ್ಟಿನ ಪೆಟ್ಟಿಗೆ, ಒದ್ದೆ ಬಟ್ಟೆ, ಎಲ್ಲಕ್ಕೂ ಇದೇ ಮಾತು.

ಹೊಸ ಸ್ಟ್ಯಾಂಡು

ಪೈನ್ ಹಲಗೆಯನ್ನು ಉಜ್ಜಿ ಸರಿಮಾಡೋಣ ಎಂದು 80ರ ಉಪ್ಪುಕಾಗದ ಹಿಡಿದೆ. ವಾರ್ನಿಶ್ ಹೋಯಿತು, ಅದರ ಕೆಳಗಿನಿಂದ ಪೈನ್ ಮರದ್ದೇ ಅಂಟಿನ ವಾಸನೆ ಎದ್ದಿತು. ಕೈಬಿಟ್ಟೆ. ಈ ಸಲ 19 ಮಿಮೀ ದಪ್ಪದ ಗಟ್ಟಿ ಮೇಪಲ್ ಹಲಗೆ ತಂದೆ. ಮೇಪಲ್‌ಗೆ ಹೇಳಿಕೊಳ್ಳುವಂಥ ವಾಸನೆಯಿಲ್ಲ. ಪಾತ್ರೆ, ಲಟ್ಟಣಿಗೆ, ತರಕಾರಿ ಹೆಚ್ಚುವ ಮಣೆಗಳಿಗೆ ಅದನ್ನು ಬಳಸುವುದು ಸುಮ್ಮನೆ ಅಲ್ಲ.

ಗ್ಲಾಸಿನ ಬುಡ ಕೂರಲು ಚಪ್ಪಟೆ ತಳದ ಗುಳಿ ಕೊರೆಯುವ 2 ಇಂಚಿನ ಫೋರ್‌ಸ್ನರ್ ಬಿಟ್‌ನಿಂದ 6 ಮಿಮೀ ಆಳದ ಗುಳಿ. ಮೊದಲ ಗುಳಿಗೆ ಡ್ರಿಲ್ ಪ್ರೆಸ್ಸಿನ ವೇಗ ಕಡಿಮೆ ಮಾಡಲು ಮರೆತೆ. ಬಿಟ್ ಇಳಿದ ಎರಡೇ ಸೆಕೆಂಡಿಗೆ ನೀಲಿ ಹೊಗೆ, ಗುಳಿಯ ಅಂಚು ಕಂದು, ತಳ ಕಪ್ಪು. ಬಗ್ಗಿ ಮೂಸಿದೆ. ಸುಟ್ಟ ಸಕ್ಕರೆ, ಹೊಗೆ, ಅದರ ಹಿಂದೆ ವೆನಿಲ್ಲಾದ ಎಳೆ. ಬರ್ಬನ್ ಪೀಪಾಯಿಯ ಒಳಗೆ ಆಗುವುದೂ ಇದೇ: ಮರಕ್ಕೆ ಬೆಂಕಿ ಹಚ್ಚಿದಾಗ ಅದರಲ್ಲಿರುವ ಲಿಗ್ನಿನ್ ಎಂಬ ವಸ್ತು ಒಡೆದು ವೆನಿಲ್ಲಾ ವಾಸನೆಯ ವೆನಿಲಿನ್ ಆಗುತ್ತದೆ, ಹೆಮಿಸೆಲ್ಯುಲೋಸ್ ಎಂಬ ಇನ್ನೊಂದು ವಸ್ತು ಸುಟ್ಟು ಕ್ಯಾರಮೆಲ್ ಆಗುತ್ತದೆ. ವೈಲ್ಡ್ ಟರ್ಕಿಯವರು ಬಳಸುವ ನಾಲ್ಕನೇ ನಂಬರಿನ ಸುಡುವಿಕೆಯಲ್ಲಿ ಮರ ಬಿರುಕು ಬಿಟ್ಟು ಮೊಸಳೆ ಚರ್ಮದ ಹಾಗೆ ಆಗುತ್ತದೆ, ಅದಕ್ಕೇ ಅಲಿಗೇಟರ್ ಚಾರ್ ಎಂಬ ಹೆಸರು. ಎಷ್ಟೋ ಹೊತ್ತು ಆ ಗುಳಿಯ ಮುಂದೆ ನಿಂತಿದ್ದೆ. ಆದರೆ ಪರೀಕ್ಷೆಯ ಸ್ಟ್ಯಾಂಡಿಗೆ ಇದಕ್ಕಿಂತ ಕೆಟ್ಟ ವಾಸನೆ ಇನ್ನೊಂದಿಲ್ಲ, ಏಕೆಂದರೆ ಇದು ವಿಸ್ಕಿಯದೇ ಎಂದು ಮೂಗು ನಂಬಿಬಿಡುತ್ತದೆ. ಆ ತುಂಡನ್ನು ಕತ್ತರಿಸಿ ಎಸೆದೆ. ವೇಗ ನಿಮಿಷಕ್ಕೆ 500 ಸುತ್ತಿಗೆ ಇಳಿಸಿ, ಸ್ವಲ್ಪ ಸ್ವಲ್ಪವೇ ಒತ್ತಿ ಎತ್ತಿ ಕೊರೆದೆ. ಬಿಳಿ ಹೊಟ್ಟು ಸುರುಳಿ ಸುರುಳಿಯಾಗಿ ಬಂತು. 120, 220ರಲ್ಲಿ ಉಜ್ಜಿ, ಏನೂ ಬಳಿಯದೆ ಬಿಟ್ಟೆ. ಹೀಗೆ ಮೂರು ಸ್ಟ್ಯಾಂಡು, ಪಕ್ಕದ ಮನೆಯವರು, ಭಾಮೈದ, ನಾನು, ಮೂವರಿಗೆ. ಗ್ಲಾಸು ಹನ್ನೆರಡು ಹೊಸದಾಗಿ ಕೊಂಡೆ. ಎಲ್ಲವನ್ನೂ ವಾಸನೆಯಿಲ್ಲದ ಸೋಪಿನಲ್ಲಿ ತೊಳೆದು, ಬಿಸಿನೀರಿನಲ್ಲಿ ಎರಡು ಸಲ ಜಾಲಿಸಿ, ಬಾಯಿ ಮೇಲೆ ಮಾಡಿಯೇ ಇಡುತ್ತೇನೆ. ನೀರಿನ ಪರೀಕ್ಷೆ ಮತ್ತೆ ಮಾಡಿದೆ. ಹದಿನೆಂಟರಲ್ಲೂ ಏನೂ ಇಲ್ಲ.

ಸರದಿ

ಗ್ಲಾಸು ಶುದ್ಧವಾದ ಮೇಲೂ ಹಳೇ ಪಟ್ಟಿಯಲ್ಲಿ ಇನ್ನೊಂದು ಸಂಗತಿ ಕಾಡುತ್ತಿತ್ತು. ಎಂಟು ಪಡೆದ ಇವಾನ್ ವಿಲಿಯಮ್ಸ್ ಬಂದದ್ದು ಎರಡನೆಯದಾಗಿ, 40%ನ ಫೋರ್ ರೋಸಸ್ ಆದ ಮೇಲೆ. ನಾಲ್ಕು ಪಡೆದದ್ದು ಬಂದದ್ದು ವೈಲ್ಡ್ ಟರ್ಕಿಯ ಬೆನ್ನಿಗೆ. 50.5% ಆದ ಮೇಲೆ 43% ನಾಲಿಗೆಗೆ ನೀರಲ್ಲದೆ ಇನ್ನೇನಾದೀತು?

ಇದನ್ನು ಬೇರೆಯಾಗಿಯೇ ಅಳೆದೆ. ಐದೈದು ಮಿಲಿ ಗುಟುಕು, ಶುದ್ಧ ಗ್ಲಾಸು, ಹೆಂಡತಿ ಸುರಿದದ್ದು. ಮೂರು ಸಲ ಇವಾನ್ ವಿಲಿಯಮ್ಸ್ ನೀರು ಕುಡಿದ ಮೇಲೆ, ಮೂರು ಸಲ ವೈಲ್ಡ್ ಟರ್ಕಿ ಆದ ಕೂಡಲೇ. ನೀರಿನ ಮೇಲೆ ಕೊಟ್ಟ ಅಂಕ 7, 7, 8. ವೈಲ್ಡ್ ಟರ್ಕಿಯ ಮೇಲೆ 5, 6, 5. ಅಂದರೆ ನಾಲ್ಕು ಅಂಕದ ಅಂತರದಲ್ಲಿ ಸುಮಾರು ಎರಡು ಸರದಿಯದ್ದು, ಉಳಿದದ್ದು ವಾರ್ನಿಶಿನದ್ದು.

ಸರದಿಯ ಪ್ರಭಾವವನ್ನು ಅಳಿಸಲಾಗದು, ಆದರೆ ಎಲ್ಲರಿಗೂ ಸಮನಾಗಿ ಹಂಚಬಹುದು. ಇದಕ್ಕೊಂದು ಚೆಂದದ ಕೋಷ್ಟಕವಿದೆ, ರುಚಿ ಪರೀಕ್ಷೆ ಮಾಡುವವರು ವಿಲಿಯಮ್ಸ್ ಚೌಕ ಎನ್ನುತ್ತಾರೆ (ಬಾಟಲಿಗೂ ಇದಕ್ಕೂ ಸಂಬಂಧವಿಲ್ಲ). ಆರು ಸ್ಯಾಂಪಲ್ಲಿಗೆ ಮೊದಲ ಸಾಲು 1-2-6-3-5-4. ಮುಂದಿನ ಸಾಲಿಗೆ ಪ್ರತಿ ಅಂಕಿಗೂ ಒಂದು ಕೂಡಿಸಿ, ಆರು ದಾಟಿದರೆ ಒಂದು: 2-3-1-4-6-5. ಹೀಗೆ ಆರು ಸಾಲು ಬರೆದರೆ ಪ್ರತಿ ವಿಸ್ಕಿಯೂ ಪ್ರತಿ ಸ್ಥಾನದಲ್ಲಿ ಒಮ್ಮೆ ಬರುತ್ತದೆ, ಅಷ್ಟೇ ಅಲ್ಲ, ಪ್ರತಿಯೊಂದೂ ಉಳಿದ ಐದರ ಬೆನ್ನಿಗೆ ಒಂದೊಂದು ಸಲವೇ ಬರುತ್ತದೆ. ವೈಲ್ಡ್ ಟರ್ಕಿಯ ಹಿಂದೆ ನಿಲ್ಲುವ ಕಷ್ಟ ಎಲ್ಲಕ್ಕೂ ಒಮ್ಮೆ. ಮೂವರು, ಎರಡು ಸಂಜೆ, ಒಟ್ಟು ಆರು ಸಾಲು. ಲೆಕ್ಕ ಸರಿಯಾಗಿ ಕೂತಾಗ ಆದ ಖುಷಿ ಸಣ್ಣದಲ್ಲ.

ಗ್ಲಾಸಿನಿಂದ ಗ್ಲಾಸಿಗೆ ಮೂರು ನಿಮಿಷ ಬಿಡುವು, ಒಂದು ಗುಟುಕು ನೀರು, ಉಪ್ಪಿಲ್ಲದ ಬಿಸ್ಕತ್ತಿನ ಚೂರು. ಮೂಗು ದಣಿದರೆ ಸ್ವಂತ ತೋಳಿನ ಬಟ್ಟೆ ಮೂಸಿದರೆ ಸಾಕು. ಇಷ್ಟು ಮಾಡಿದ ಮೇಲೆ ಮೂರು ಸಂಜೆ ಗುಟ್ಟಾಗಿ ಡೂಪ್ಲಿಕೇಟ್ ಇಡಲು ಹೆಂಡತಿಗೆ ಹೇಳಿದೆ. ಅಂತರ 1, 0, 1. ಯಂತ್ರ ಸರಿಹೋಯಿತು.

ಕಣ್ಣು, ಕೋಡ್ ನಂಬರು, ಪ್ರಮಾಣ

ಬಣ್ಣವನ್ನೂ ಮುಚ್ಚಬೇಕಿತ್ತು. 2001ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಫ್ರಾನ್ಸಿನ ಬೋರ್ಡೋದಲ್ಲಿ ಬಿಳಿ ವೈನಿಗೆ ರುಚಿಯಿಲ್ಲದ ಕೆಂಪು ಬಣ್ಣ ಬೆರೆಸಿ 54 ವಿದ್ಯಾರ್ಥಿಗಳಿಗೆ ಕೊಟ್ಟಾಗ ಅವರು ಅದನ್ನು ಕೆಂಪು ವೈನಿನ ಪದಗಳಲ್ಲೇ ಬಣ್ಣಿಸಿದರು, ಅವರೆಲ್ಲ ವೈನನ್ನೇ ಓದುತ್ತಿದ್ದವರು. ಗ್ಲಾಸಿಗೆ ಕಪ್ಪು ಟೇಪ್ ಸುತ್ತಿದರೆ ಅದರ ಅಂಟು ವಾಸನೆ. ಹಾಗಾಗಿ ಕೋಣೆಗೆ ಒಂದು ಕೆಂಪು ಬಲ್ಬು ಹಾಕಿದೆ. ಅದರಡಿ ಆರೂ ಒಂದೇ ಬಣ್ಣ.

ಕೋಡ್ ನಂಬರುಗಳ ವಿಷಯದಲ್ಲಿ ಹೆಂಡತಿ ಹಟ ಹಿಡಿದಳು. ಅವಳು 60 ಮಿಲಿಯ ಕಂದು ಬಾಟಲಿಗಳಿಗೆ ತುಂಬಿ ಅಕ್ಷರ ಅಂಟಿಸುವುದು. ಪಕ್ಕದ ಮನೆಯ ಅಮ್ಮ ಬಂದು, ಅಕ್ಷರ ಕಿತ್ತು ಮೂರಂಕಿಯ ಕೋಡು ಅಂಟಿಸಿ, ಆ ಚೀಟಿ ತಮ್ಮ ಕೈಚೀಲದಲ್ಲಿಟ್ಟುಕೊಳ್ಳುವುದು. ಯಾವ ಕೋಡಿನಲ್ಲಿ ಯಾವ ವಿಸ್ಕಿ ಎಂದು ಮೇಜಿನ ಹತ್ತಿರ ಇರುವ ಯಾರಿಗೂ ಗೊತ್ತಿರಬಾರದು. “ಸುರಿಯೋರಿಗೆ ಗೊತ್ತಿದ್ರೆ ಮುಖ ಹೇಳಿಬಿಡುತ್ತೆ ರೀ” ಅಂದಳು. ನಾನು ಗ್ಲಾಸು ಎತ್ತುವಾಗ ಅವಳ ಮುಖ ನೋಡುತ್ತಿದ್ದೆನೆಂದು ಆಗ ಗೊತ್ತಾಯಿತು.

ಗ್ಲಾಸಿಗೆ 10 ಮಿಲಿ. ಆರು ಗ್ಲಾಸು ನುಂಗಿದರೆ 40%ನಲ್ಲೇ ಹತ್ತೊಂಬತ್ತು ಗ್ರಾಂ ಆಲ್ಕೊಹಾಲ್ ಆಗುತ್ತದೆ, ಅಮೆರಿಕದ ಒಂದು ಸ್ಟ್ಯಾಂಡರ್ಡ್ ಡ್ರಿಂಕ್ ಎಂದರೆ 14 ಗ್ರಾಂ. ಹಾಗಾಗಿ ಮೊದಲ ಗುಟುಕು ಮಾತ್ರ ಇಳಿಸಿ, ಉಳಿದದ್ದನ್ನು ಉಗುಳಲು ಲೋಟ ಇಟ್ಟೆವು. ಅಮಲೇರಿದ ನಾಲಿಗೆ ಕೊನೆಯ ಗ್ಲಾಸುಗಳಿಗೆಲ್ಲ ಉದಾರಿ. ಭಾಮೈದ ಆ ಸಂಜೆಗಳಲ್ಲಿ ನಮ್ಮಲ್ಲೇ ಮಲಗಿದ, ಕಾರಿನ ಕೀಲಿ ನನ್ನ ಹೆಂಡತಿಯ ಬಳಿ.

ಬಾಟಲಿಯಲ್ಲಿದ್ದ ಹಾಗೇ

ಮೊದಲ ಎರಡು ಸಂಜೆ ವಿಸ್ಕಿಗಳನ್ನು ಬಾಟಲಿಯ ಶಕ್ತಿಯಲ್ಲೇ ರುಚಿ ನೋಡಿದೆವು. ಮೂವರದೂ ಸೇರಿ ಅರವತ್ತಕ್ಕೆ: ವೈಲ್ಡ್ ಟರ್ಕಿ 44, ಓಲ್ಡ್ ಗ್ರ್ಯಾಂಡ್-ಡ್ಯಾಡ್ 42, ಮೇಕರ್ಸ್ ಮಾರ್ಕ್ 39, ಇವಾನ್ ವಿಲಿಯಮ್ಸ್ 36, ಫೋರ್ ರೋಸಸ್ 34, ಜಿಮ್ ಬೀಮ್ 32.

ಒಂದು ಗ್ಲಾಸಿಗೆ ಒಂದು ಅಂಕ ಆಚೀಚೆ ಆಗಬಹುದು ಎಂದು ಡೂಪ್ಲಿಕೇಟ್ ಹೇಳಿದೆ. ಆರು ಗ್ಲಾಸಿನ ಎರಡು ಮೊತ್ತಗಳನ್ನು ಹೋಲಿಸುವಾಗ ಮೂರು ನಾಲ್ಕು ಅಂಕದ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿಯಬಾರದು. ಹಾಗೆ ನೋಡಿದರೂ ಮೇಲಿನವಕ್ಕೂ ಕೆಳಗಿನವಕ್ಕೂ ದೂರ ಇದೆ. ಪಕ್ಕದ ಮನೆಯವರು ಕೈ ಕುಲುಕಿದರು. ನನ್ನ ಓಲ್ಡ್ ಗ್ರ್ಯಾಂಡ್-ಡ್ಯಾಡ್‌ಗೆ ನಾನೇ ಎರಡು ಸಂಜೆಯೂ ಎಂಟೆಂಟು ಕೊಟ್ಟಿದ್ದೆ, ಹೆಸರು ಗೊತ್ತಿಲ್ಲದೆ. ಇಲ್ಲಿಗೆ ನಿಲ್ಲಿಸಬಹುದಿತ್ತು.

ಆದರೆ ಪಟ್ಟಿಯನ್ನು ಇನ್ನೊಮ್ಮೆ ನೋಡಿದರೆ ಅದು ಅಕ್ಷರಶಃ ಶೇಕಡಾವಾರಿನ ಪಟ್ಟಿ. 50.5, 50, 45, 43, 40, 40. ನಾವು ವಿಸ್ಕಿಗೆ ಅಂಕ ಕೊಟ್ಟಿದ್ದೆವೋ, ಉರಿಗೋ?

ನಲವತ್ತಕ್ಕೆ ಇಳಿಸಿದ್ದು

ಇದಕ್ಕೊಂದು ಸುಲಭ ಉಪಾಯ ಸಿಕ್ಕಿತು. ಎಲ್ಲವನ್ನೂ 40%ಗೆ ತರಬೇಕಾದರೆ, ಪ್ರತಿಯೊಂದರಿಂದಲೂ 40 ಮಿಲಿ ತೆಗೆದುಕೊಳ್ಳಿ, ಲೇಬಲ್ ಮೇಲೆ ಎಷ್ಟು ಶೇಕಡಾ ಇದೆಯೋ ಅಷ್ಟು ಮಿಲಿ ಆಗುವವರೆಗೆ ನೀರು ತುಂಬಿ. ವೈಲ್ಡ್ ಟರ್ಕಿ 50.5 ಮಿಲಿಗೆ, ಓಲ್ಡ್ ಗ್ರ್ಯಾಂಡ್-ಡ್ಯಾಡ್ 50ಕ್ಕೆ, ಮೇಕರ್ಸ್ ಮಾರ್ಕ್ 45ಕ್ಕೆ, ಇವಾನ್ ವಿಲಿಯಮ್ಸ್ 43ಕ್ಕೆ. ಉಳಿದೆರಡು ಇದ್ದ ಹಾಗೇ. ನೀರನ್ನು ಬೇರೆ ಅಳೆದು ಸುರಿಯಬೇಡಿ, ಅಳತೆ ಸಿಲಿಂಡರಿನಲ್ಲಿ ಒಟ್ಟು ಗೆರೆಗೆ ತುಂಬಿ, ಏಕೆಂದರೆ ಆಲ್ಕೊಹಾಲ್ ಮತ್ತು ನೀರು ಬೆರೆತಾಗ ಒಟ್ಟು ಗಾತ್ರ ತುಸು ಕುಗ್ಗುತ್ತದೆ. ಕೊನೆಯ ಹನಿಗಳಿಗೆ ಮಕ್ಕಳಿಗೆ ಔಷಧಿ ಕುಡಿಸುವ ಸೂಜಿಯಿಲ್ಲದ ಸಿರಿಂಜು ಬಹಳ ಅನುಕೂಲ. ಡಿಸ್ಟಿಲ್ಡ್ ನೀರೇ ಆಗಬೇಕು. ಬೆರೆಸಿ, ಮುಚ್ಚಳ ಹಾಕಿ ಒಂದು ರಾತ್ರಿ ಬಿಟ್ಟೆ.

ನೀರು ಬೆರೆಸುವುದು ಬರೀ ತೆಳುವಾಗಿಸುವುದಲ್ಲ ಎಂಬುದನ್ನೂ ಹೇಳಬೇಕು. 2017ರಲ್ಲಿ ಸ್ವೀಡನ್ನಿನ ಸಂಶೋಧಕರು ಕಂಪ್ಯೂಟರ್ ಮಾದರಿಯಲ್ಲಿ ತೋರಿಸಿದ ಹಾಗೆ, ಹೊಗೆಯ ವಾಸನೆ ಕೊಡುವ ಗ್ವಾಯಕಾಲ್ ಎಂಬ ವಸ್ತು ಆಲ್ಕೊಹಾಲ್ ಜಾಸ್ತಿ ಇದ್ದಾಗ ದ್ರವದೊಳಗೆ ಹುದುಗಿರುತ್ತದೆ, 45% ಹತ್ತಿರಕ್ಕೆ ಇಳಿದಾಗ ಮೇಲ್ಮೈಗೆ ಬರುತ್ತದೆ. ಹಾಗಾಗಿ ನಲವತ್ತಕ್ಕೆ ಇಳಿಸಿದ ವೈಲ್ಡ್ ಟರ್ಕಿಯನ್ನು ಅದರ ತಯಾರಕರು ಬಯಸಿದ ವಿಸ್ಕಿ ಎನ್ನಲಾಗದು. ನಾನು ಕೇಳುತ್ತಿದ್ದ ಪ್ರಶ್ನೆ ಬೇರೆ.

ಎರಡು ಸಂಜೆ, ಹೊಸ ಕೋಡುಗಳು, ಅದೇ ಚೌಕ. ಫಲಿತಾಂಶ: ಫೋರ್ ರೋಸಸ್ 41, ಇವಾನ್ ವಿಲಿಯಮ್ಸ್ 40, ಮೇಕರ್ಸ್ ಮಾರ್ಕ್ 39, ವೈಲ್ಡ್ ಟರ್ಕಿ 38, ಜಿಮ್ ಬೀಮ್ 36, ಓಲ್ಡ್ ಗ್ರ್ಯಾಂಡ್-ಡ್ಯಾಡ್ 34. ಅಂತರ ಹನ್ನೆರಡರಿಂದ ಏಳಕ್ಕೆ ಇಳಿಯಿತು. ಮೇಲಿನ ನಾಲ್ಕನ್ನು ಮೇಲೆ ಕೆಳಗೆ ಮಾಡಿ ಬರೆದರೂ ನಾನು ಜಗಳಕ್ಕೆ ಬರುವುದಿಲ್ಲ.

ಅತಿ ಹೆಚ್ಚು ಹೊತ್ತು ನಾನು ನೋಡಿದ್ದು ಫೋರ್ ರೋಸಸ್‌ನ ಸಾಲನ್ನು. ಅದಕ್ಕೆ ಒಂದು ಹನಿ ನೀರೂ ಬೆರೆಸಿಲ್ಲ. ಮೊದಲೂ 40%, ಈಗಲೂ 40%. ಅದೇ ಬಾಟಲಿ. ಆದರೂ 34 ಇದ್ದದ್ದು 41. ಜಿಮ್ ಬೀಮ್ ಕೂಡ ಮುಟ್ಟದೆಯೇ ನಾಲ್ಕು ಏರಿದೆ. ಬದಲಾದದ್ದು ಪಕ್ಕದಲ್ಲಿ ಕೂತವರು ಮಾತ್ರ. ಜೋರಾಗಿ ಮಾತಾಡುವವರನ್ನು ಸುಮ್ಮನಾಗಿಸಿದ ಮೇಲೆ ಮೆತ್ತಗೆ ಮಾತಾಡುವವರದ್ದು ಕೇಳಿಸಿತು. ಫೋರ್ ರೋಸಸ್‌ನವರು ಎರಡು ಧಾನ್ಯ ಮಿಶ್ರಣ, ಐದು ಬಗೆಯ ಯೀಸ್ಟ್ ಸೇರಿಸಿ ಹತ್ತು ಬೇರೆ ಬೇರೆ ಬರ್ಬನ್ ತಯಾರಿಸುತ್ತಾರೆ. ಯೀಸ್ಟ್ ಕೊಡುವ ಹಣ್ಣಿನ ಪರಿಮಳ ಮೊದಲ ಸುತ್ತಿನಲ್ಲಿ ನನ್ನ ಹಾಳೆಯಲ್ಲಿ ಒಂದು ಪದವಾಗಿಯೂ ಇಲ್ಲ. ಈ ಸಲ ‘ಮಾಗಿದ ಪೇರಳೆ, ಜೇನು’ ಎಂದು ಎರಡು ಸಂಜೆಯೂ ಬರೆದಿದ್ದೇನೆ.

ಮೇಕರ್ಸ್ ಮಾರ್ಕ್ ಎರಡೂ ಸುತ್ತಿನಲ್ಲಿ 39. ಅದರಲ್ಲಿ ರೈ ಎಂಬ ಖಾರದ ಧಾನ್ಯದ ಬದಲು ಗೋದಿ, ಹಾಗಾಗಿ ಖಾರವಿಲ್ಲ, ಕಳೆದುಕೊಳ್ಳಲು ಉರಿಯೂ ಹೆಚ್ಚಿಲ್ಲ. ಇನ್ನು ನನ್ನ ಓಲ್ಡ್ ಗ್ರ್ಯಾಂಡ್-ಡ್ಯಾಡ್‌ಗೆ ನಾನು ಕೊಟ್ಟದ್ದು ಐದೈದು. ಅದರ ಧಾನ್ಯದಲ್ಲಿ ರೈ 27%, ವೈಲ್ಡ್ ಟರ್ಕಿಯಲ್ಲಿ 13%. ಐವತ್ತರಲ್ಲಿ ಆ ರೈ ಲವಂಗ, ಮೆಣಸಾಗಿ ಅರಳುತ್ತದೆ, ನಲವತ್ತರಲ್ಲಿ ಒಣ ಹುಲ್ಲು, ಒಗರು ಮಾತ್ರ ಉಳಿಯಿತು. ಅದನ್ನು ಬಿಡುತ್ತೇನೆಂದಲ್ಲ. ಅದಕ್ಕೆ ಐಸ್ ಹಾಕುವುದನ್ನು ನಿಲ್ಲಿಸಿದ್ದೇನೆ.

ಮೂರರಲ್ಲಿ ಒಂದು

ಪಟ್ಟಿ ಕೇಳಿ ಪಕ್ಕದ ಮನೆಯವರು ತಲೆಯಾಡಿಸಿದರು. ನೀರು ಹಾಕಿದರೂ, ಲೈಟು ಆರಿಸಿದರೂ ವೈಲ್ಡ್ ಟರ್ಕಿಯನ್ನು ಗುರುತು ಹಿಡಿಯುತ್ತೇನೆ ಎಂದರು. ಅಂಕ ಕೊಡುವುದು ಬೇರೆ, ಗುರುತಿಸುವುದು ಬೇರೆ, ಅವರ ಮಾತಿಗೂ ನ್ಯಾಯ ಸಿಗಬೇಕು. ಮೂರು ಗ್ಲಾಸು ಇಡುವುದು, ಎರಡರಲ್ಲಿ ಒಂದೇ ವಿಸ್ಕಿ, ಒಂದರಲ್ಲಿ ಬೇರೆ. ಬೇರೆಯದು ಯಾವುದು? ಕಣ್ಣುಮುಚ್ಚಿ ಹೇಳಿದರೂ ಮೂರರಲ್ಲಿ ಒಂದು ಸಲ ಸರಿಯಾಗುತ್ತದೆ. ವೈಲ್ಡ್ ಟರ್ಕಿ, ಇವಾನ್ ವಿಲಿಯಮ್ಸ್, ಎರಡೂ ನಲವತ್ತಕ್ಕೆ ಇಳಿಸಿದವು, ಆರು ಸುತ್ತು, ಎರಡು ದಿನಕ್ಕೆ ಹಂಚಿ.

ನನಗೆ ಮೂರು ಸರಿ. ಬರೀ ಊಹೆಯಿಂದಲೇ ಮೂರು ಅಥವಾ ಹೆಚ್ಚು ಬರುವ ಸಾಧ್ಯತೆ 32%, ಅಂದರೆ ನಾನು ಗುರುತಿಸಿದೆ ಎನ್ನುವಂತಿಲ್ಲ. ಅವರಿಗೆ ಐದು ಸರಿ. ಊಹೆಯಿಂದ ಐದು ಅಥವಾ ಆರು ಬರುವುದು 729ರಲ್ಲಿ 13 ಸಲ, ಶೇಕಡಾ ಎರಡಕ್ಕೂ ಕಡಿಮೆ. ನಲವತ್ತು ವರ್ಷದ ಪಕ್ಷ ಸುಳ್ಳಲ್ಲ.

“ಹೇಗೆ ಹಿಡಿದಿರಿ?” ಅಂತ ಕೇಳಿದೆ. “ನೀವು ತುಂಬಿದ ಗ್ಲಾಸು ಮೂಸುತ್ತೀರಿ. ಖಾಲಿಯಾದ್ದನ್ನು ಮೂಸಿ. ಇವತ್ತು ತೊಳೆಯಬೇಡಿ” ಎಂದರು.

ಕೊನೆಯ ಸುತ್ತಿನ ಮೂರು ಗ್ಲಾಸುಗಳನ್ನು ಹಾಗೇ ಸ್ಟ್ಯಾಂಡಿನಲ್ಲಿ ಬಿಟ್ಟು ಮಲಗಿದೆವು, ಚೀಟಿ ಇನ್ನೂ ಆ ಅಮ್ಮನ ಕೈಚೀಲದಲ್ಲೇ. ಬೆಳಿಗ್ಗೆ ಅಡುಗೆಮನೆಗೆ ಬಂದಾಗ ತಳದಲ್ಲಿ ತೆಳ್ಳನೆ ಕಂದು ಉಂಗುರ, ಆಲ್ಕೊಹಾಲ್ ಎಲ್ಲ ಹಾರಿಹೋಗಿದೆ. 417ರಲ್ಲಿ ಒಣಗಿದ ಬೆಲ್ಲದ ಪಾಕ. 862ರಲ್ಲೂ ಅದೇ. 235ಕ್ಕೆ ಮೂಗಿಟ್ಟಾಗ ಬೇರೆಯದೇ ಬಂತು: ಹಳೇ ಚರ್ಮದ ಚೀಲ, ತಣ್ಣಗಾದ ಒಲೆ, ಡ್ರಿಲ್ ಪ್ರೆಸ್ಸಿನ ಕೆಳಗೆ ಮೇಪಲ್ ಸುಟ್ಟ ಆ ಗುಳಿ. ಹಾಳೆಯ ಮೇಲೆ 235 ಎಂದು ಬರೆದು ಸುತ್ತ ಗೆರೆ ಎಳೆದೆ. ಪಕ್ಕದ ಮನೆಯ ಅಮ್ಮ ಬಾಗಿಲಲ್ಲಿ ನಿಂತೇ ಚೀಟಿ ಬಿಡಿಸಿ ಓದಿದರು. ವೈಲ್ಡ್ ಟರ್ಕಿ.